ಮಳೆಗೆ ಮುಂಚಿನ ಒಕಾಡಾ

ಸೋತ ಕುಸ್ತಿಗಳನ್ನು ಹುಡುಕಿಕೊಂಡು ಹೋಗಿ ನೋಡುವ ಚಟ ನನಗಿದೆ. ಗೆದ್ದ ಕುಸ್ತಿಗಳಿಗೆ ನೋಡುವವರ ಬರವಿಲ್ಲ. ಇವತ್ತು ದೊಡ್ಡ ಹೆಸರಾಗಿರುವ ಪೈಲ್ವಾನನೊಬ್ಬ ಹೆಸರಿಲ್ಲದ ಕಾಲದಲ್ಲಿ, ಪರದೇಶದಲ್ಲಿ, ತನ್ನ ಭಾಷೆ ಬಾರದ ಜನರ ಮುಂದೆ ಹೇಗೆ ಬಿದ್ದ, ಬಿದ್ದವನು ಹೇಗೆ ಎದ್ದ, ಎದ್ದ ಮೇಲೆ ಕೈಗಳನ್ನು ಎಲ್ಲಿಟ್ಟುಕೊಳ್ಳುವುದೆಂದು ತಿಳಿಯದೆ ಹೇಗೆ ಚಡಪಡಿಸಿದ ಎಂಬುದನ್ನು ನೋಡುವ ಸುಖವೇ ಬೇರೆ. ಮದುವೆ ಆಲ್ಬಮ್ಮಿನಲ್ಲಿ ಮದುಮಕ್ಕಳನ್ನು ಬಿಟ್ಟು ಪಂಕ್ತಿಯಲ್ಲಿ ಉಣ್ಣುತ್ತಿರುವವರ ಫೋಟೊ ಹುಡುಕುವ ಬುದ್ಧಿ ಇದು ಎಂದು ಮನೆಯಲ್ಲಿ ಹೇಳುತ್ತಾರೆ. ಇರಬಹುದು.

ಈ ಸಂಗ್ರಹದಲ್ಲಿ ನನಗೆ ಬಲು ಪ್ರಿಯವಾದದ್ದು 2011ರ ಶುರುವಿನ ಕೆಲವೇ ನಿಮಿಷಗಳ ದೃಶ್ಯ. ಜಾಗ ಅಮೆರಿಕದ ಫ್ಲೋರಿಡಾ. ಒರ್ಲ್ಯಾಂಡೊದ ಯೂನಿವರ್ಸಲ್ ಸ್ಟುಡಿಯೋ ಆವರಣದಲ್ಲಿ ಟಿಎನ್‌ಎ ಎಂಬ ಕುಸ್ತಿ ಕಂಪನಿ ತನ್ನ ಟಿವಿ ಕಾರ್ಯಕ್ರಮವನ್ನು ಚಿತ್ರೀಕರಿಸುತ್ತಿತ್ತು. ಸಮೋವಾ ಜೋ ಎಂಬ ದಢೂತಿ ಜಟ್ಟಿಯ ಹಿಂದೆ ಕಪ್ಪು ಉಡುಪಿನ, ಕಣ್ಣಿಗೆ ಕಪ್ಪು ಮುಖವಾಡ ಕಟ್ಟಿಕೊಂಡ ನೀಳಕಾಯದ ಜಪಾನಿ ಹುಡುಗನೊಬ್ಬ ನಡೆದು ಬರುತ್ತಾನೆ. ಹೆಸರು ಒಕಾಟೊ. ‘ದಿ ಗ್ರೀನ್ ಹಾರ್ನೆಟ್’ ಸಿನಿಮಾ ಆ ಜನವರಿಯಲ್ಲೇ ತೆರೆ ಕಂಡಿತ್ತು. ಅದರಲ್ಲಿ ನಾಯಕನ ಕಾರು ಓಡಿಸುವ, ಹೊಡೆದಾಟಕ್ಕೂ ಒದಗುವ ಕೇಟೊ ಎಂಬ ಪಾತ್ರವಿದೆ. ಹುಡುಗನ ನಿಜ ಹೆಸರು ಕಜುಚಿಕಾ ಒಕಾಡಾ. ಒಕಾಡಾನಿಗೆ ಕೇಟೊವನ್ನು ಹೊಲಿದು ಒಕಾಟೊ ಮಾಡಿದರು. ಕಾಫಿ ಆರುವುದರೊಳಗೆ ಹೊಳೆದ ತಮಾಷೆ ಎಂದು ನೋಡಿದರೇ ಗೊತ್ತಾಗುತ್ತದೆ.

ಇದಾಗಿ ಹೆಚ್ಚೂಕಡಿಮೆ ಒಂದು ವರ್ಷಕ್ಕೆ, 2012ರ ಫೆಬ್ರುವರಿ 12ರಂದು, ಇದೇ ಹುಡುಗ ಒಸಾಕಾದಲ್ಲಿ ಹಿರೋಶಿ ತನಹಾಶಿಯನ್ನು ಚಿತ್ ಮಾಡಿ ನ್ಯೂ ಜಪಾನ್ ಕಂಪನಿಯ ಹೆವಿವೇಟ್ ಪಟ್ಟವನ್ನು ಸೊಂಟಕ್ಕೆ ಕಟ್ಟಿಕೊಂಡ. ಆಗ ಅವನಿಗೆ 24 ವರ್ಷ.

ಈ ಎರಡು ದೃಶ್ಯಗಳನ್ನು ಅಕ್ಕಪಕ್ಕ ಇಟ್ಟು ಹೇಳುವ ಒಂದು ಕಥೆ ಜಗತ್ತಿನ ಕುಸ್ತಿಪ್ರಿಯರ ನಡುವೆ ಬಹಳ ಓಡಾಡುತ್ತದೆ. ಅವಮಾನ ಅವನನ್ನು ಕೆರಳಿಸಿತು, ಕೆರಳಿದವನು ಚಾಂಪಿಯನ್ ಆದ ಎಂಬುದು ಅದರ ಸಾರ. ನಾನು ಇದನ್ನು ನಂಬುವುದಿಲ್ಲ. ಇದು ಮಧ್ಯಂತರದಲ್ಲಿ ಪೆಟ್ಟು ತಿಂದು ಕ್ಲೈಮ್ಯಾಕ್ಸಿನಲ್ಲಿ ಎದ್ದು ಬರುವ ಸಿನಿಮಾ ನಾಯಕನ ಲೆಕ್ಕ. ಸಿಟ್ಟಿನಿಂದ ಯಾರಿಗೂ ಕಾಲಿನ ಹದ ಬರುವುದಿಲ್ಲ. ಒಕಾಡಾನನ್ನು ತಯಾರು ಮಾಡಿದ ಪರದೇಶ ಅಮೆರಿಕವಲ್ಲ. ಅದಕ್ಕೆ ಆರು ವರ್ಷ ಹಿಂದಕ್ಕೆ, ಮೆಕ್ಸಿಕೊಕ್ಕೆ ಹೋಗಬೇಕು.

ಅಲ್ಲಿಗೆ ಹೋಗುವ ಮೊದಲು ಒಂದು ಮಾತು ಮುಗಿಸಿಬಿಡುತ್ತೇನೆ, ಇಲ್ಲವಾದರೆ ಪ್ರತಿ ಸಲದಂತೆ ಕಾಗದ ಬರುತ್ತದೆ. ‘ಇದೆಲ್ಲ ಮೊದಲೇ ನಿಗದಿಯಾದ ಕುಸ್ತಿ ಅಲ್ಲವೇ ಸ್ವಾಮಿ?’ ಹೌದು, ಯಾರು ಗೆಲ್ಲಬೇಕೆಂಬುದು ಮೊದಲೇ ನಿಗದಿಯಾಗಿರುತ್ತದೆ. ತಾಳಮದ್ದಳೆಗೆ ಹೋಗಿ ಕೂರುವವರಿಗೆ ವಾಲಿ ಸಾಯುತ್ತಾನೆಂದು ಗೊತ್ತಿಲ್ಲವೇ? ಸಾಯುವ ಮೊದಲು ವಾಲಿ ಏನು ಕೇಳುತ್ತಾನೆ, ರಾಮ ಎಲ್ಲಿ ತಡವರಿಸುತ್ತಾನೆ ಎಂದು ಕೇಳಲು ತಾನೇ ರಾತ್ರಿಯೆಲ್ಲ ಕೂರುವುದು. ಒಬ್ಬ ಪೈಲ್ವಾನನಿಗೆ ಪಟ್ಟ ಕೊಡುವುದು ಕಂಪನಿಯ ಕೈಯಲ್ಲಿದೆ. ಅವನು ಅದಕ್ಕೆ ತಕ್ಕವನೆಂದು ಜನರ ಹೊಟ್ಟೆಯಲ್ಲಿ ನಂಬಿಕೆ ಹುಟ್ಟಿಸುವುದು ಕಂಪನಿಯ ಕೈಯಲ್ಲಿಲ್ಲ. ಈ ಅಂಕಣ ಇರುವುದೇ ಆ ಎರಡರ ನಡುವಿನ ಜಾಗದ ಬಗ್ಗೆ.

ಒಕಾಡಾ ಹುಟ್ಟಿದ್ದು 1987ರ ನವೆಂಬರ್ 8ರಂದು, ಐಚಿ ಪ್ರಾಂತ್ಯದ ಅಂಜೊ ಎಂಬ ಊರಿನಲ್ಲಿ. ಶಾಲೆಯಲ್ಲಿ ಓಟಗಾರ. ನಮ್ಮ ಲೆಕ್ಕದ ಹೈಸ್ಕೂಲು ಮುಗಿಯುವ ಹೊತ್ತಿಗೆ ಓದು ಬಿಟ್ಟು ತೊರ್‍ಯುಮೊನ್ ಎಂಬ ಗರಡಿಗೆ ಸೇರಿದ. ಈ ಗರಡಿಯ ಉಸ್ತಾದನ ಕಥೆಯೂ ಸ್ವಾರಸ್ಯದ್ದೇ. ಉಲ್ಟಿಮೊ ಡ್ರಾಗನ್ ಎಂಬ ಮುಖವಾಡದ ಹೆಸರಿನ ಯೊಶಿಹಿರೊ ಅಸಾಯ್, ಯೌವನದಲ್ಲಿ ಎತ್ತರ ಸಾಲದೆಂದು ನ್ಯೂ ಜಪಾನ್‌ನಲ್ಲಿ ಜಾಗ ಸಿಗದೆ 1987ರಲ್ಲಿ ಮೆಕ್ಸಿಕೊಕ್ಕೆ ಹೋದವನು. ಅಲ್ಲಿ ದೊಡ್ಡವನಾಗಿ, 1996ರಲ್ಲಿ ಒಂದೇ ಕಾಲಕ್ಕೆ ಹತ್ತು ಪಟ್ಟಿಗಳನ್ನು ಹೊತ್ತು ನಿಂತು ಫೋಟೊ ತೆಗೆಸಿಕೊಂಡ. ಮರುವರ್ಷ ತನ್ನಂತೆ ತಿರಸ್ಕೃತರಾದ ಹುಡುಗರಿಗಾಗಿ ಮೆಕ್ಸಿಕೊದಲ್ಲೇ ಗರಡಿ ತೆರೆದ. ಹಾಗೆ ನೋಡಿದರೆ ಒಕಾಡಾ ಅಲ್ಲಿಗೆ ಸಲ್ಲುವವನೇ ಅಲ್ಲ. ಅವನು ಬೆಳೆದು ನಿಂತದ್ದು ಆರಡಿ ಮೂರಂಗುಲ. ಆದರೆ ಹದಿನೈದು ಹದಿನಾರರ ವಯಸ್ಸಿನ ಹುಡುಗನಿಗೆ ಬಾಗಿಲು ತೆರೆದಿದ್ದದ್ದು ಅಲ್ಲಿ.

2004ರ ಆಗಸ್ಟ್ 29ರಂದು ಮೆಕ್ಸಿಕೊದಲ್ಲಿ ಅವನ ಮೊದಲ ಕುಸ್ತಿ. ಎದುರಾಳಿ ನೆಗ್ರೊ ನವಾರೊ. ಹೆಸರು ಕೇಳದವರಿಗೆ ಹೇಳುವುದಾದರೆ, ಮೆಕ್ಸಿಕನ್ನರು ‘ಯಾವೆ’ ಎನ್ನುವ ವಿದ್ಯೆಯಲ್ಲಿ ಈತ ದೊಡ್ಡ ಪಂಡಿತ. ಯಾವೆ ಎಂದರೆ ಬೀಗದ ಕೈ. ಎದುರಾಳಿಯ ಒಂದು ಕೀಲು ಹಿಡಿದು ತಿರುವಿದರೆ ಇಡೀ ಮೈಗೆ ಬೀಗ ಬೀಳುವ ಪಟ್ಟುಗಳಿಗೆ ಅಲ್ಲಿ ಆ ಹೆಸರು. ನಲವತ್ತು ದಾಟಿದ, ಎಂಬತ್ತರ ದಶಕದಲ್ಲಿ ‘ಸಾವಿನ ದೂತರು’ ಎಂಬ ಮೂವರ ತಂಡದಲ್ಲಿ ಹೆಸರು ಮಾಡಿದ್ದ ಮುದಿಹುಲಿಯ ಮುಂದೆ ಹದಿನಾರರ ಹುಡುಗನನ್ನು ಮೊದಲ ದಿನವೇ ನಿಲ್ಲಿಸಿದರು. ಪೇಟೆಯ ಲೆಕ್ಕದಲ್ಲಿ ಅರ್ಥವಿಲ್ಲದ ಜೋಡಿ. ಕಲಿಕೆಯ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಜೋಡಿ ಕಟ್ಟಲು ಸಾಧ್ಯವಿಲ್ಲ.

ಮೆಕ್ಸಿಕೊದ ಕುಸ್ತಿ ಎಂದರೆ ಮುಖವಾಡ, ಗಾಳಿಯಲ್ಲಿ ಹಾರಾಟ ಎಂದಷ್ಟೇ ತಿಳಿದವರು ಒಂದು ಸೂಕ್ಷ್ಮ ಗಮನಿಸಿರಲಿಕ್ಕಿಲ್ಲ. ಅಮೆರಿಕ, ಜಪಾನುಗಳಲ್ಲಿ ಪಟ್ಟು ಹಾಕುವುದು ಎದುರಾಳಿಯ ಎಡ ಮಗ್ಗುಲಿಗೆ. ಕುತ್ತಿಗೆ ತಬ್ಬುವುದಿರಲಿ, ಕೈ ತಿರುಚುವುದಿರಲಿ, ಎಡಗಡೆಯೇ. ಮೆಕ್ಸಿಕೊದಲ್ಲಿ ಎಲ್ಲವೂ ಬಲಕ್ಕೆ. ಅಲ್ಲಿ ಕಲಿತವನು ತನ್ನ ದೇಶಕ್ಕೆ ಮರಳಿದಾಗ ಇಡೀ ಮೈಯನ್ನು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿಕೊಳ್ಳಬೇಕು. ರಸ್ತೆಯ ಎಡಕ್ಕೆ ಗಾಡಿ ಓಡಿಸಿ ರೂಢಿಯಾದವರು ದುಬೈಗೆ ಹೋದ ಮೊದಲ ವಾರ ಪಡುವ ಪಾಡು ನೆನೆಸಿಕೊಳ್ಳಿ. ಅದರ ಜೊತೆಗೆ ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಮೇಲಿರುವ ಊರು, ಅಲ್ಲಿನ ತೆಳುಗಾಳಿ. ಉಸಿರನ್ನು ಲೆಕ್ಕವಿಟ್ಟು ಖರ್ಚು ಮಾಡದವನು ಹತ್ತು ನಿಮಿಷಕ್ಕೆ ಬಾಯಿ ತೆರೆಯುತ್ತಾನೆ. ಮುಂದೆ ಒಕಾಡಾನ ದೊಡ್ಡ ಗುಣವಾಗಿ ಕಂಡದ್ದು ಅವಸರವಿಲ್ಲದಿರುವಿಕೆ. ಅರ್ಧ ಗಂಟೆಯ ಕುಸ್ತಿಯಲ್ಲಿ ಮೊದಲ ಹತ್ತು ನಿಮಿಷ ಏನೂ ನಡೆಯುತ್ತಿಲ್ಲವೇನೋ ಎನ್ನಿಸಿ, ಕೊನೆಯ ಹತ್ತು ನಿಮಿಷ ಉಸಿರು ಬಿಡಗೊಡದಂತೆ ಹಿಡಿಯುವ ಆ ನಡೆ ಎಲ್ಲಿಂದ ಬಂತೆಂದು ಕೇಳಿದರೆ ನಾನು ಮೊದಲು ತೋರಿಸುವುದು ಆ ಗಾಳಿಯನ್ನು.

ಮೂರು ವರ್ಷ ಹೀಗೆ ಕಳೆದ ಮೇಲೆ, 2007ರಲ್ಲಿ, ಅವನು ನ್ಯೂ ಜಪಾನ್ ಸೇರಿದ. ಇಲ್ಲೊಂದು ವಿಚಿತ್ರ ನೋಡಿ. ಅಷ್ಟು ವರ್ಷದ ಅನುಭವಕ್ಕೆ ಅಲ್ಲಿ ಬೆಲೆ ಸೊನ್ನೆ. ಮತ್ತೆ ಮೊದಲಿನಿಂದ. ಟೋಕಿಯೋದ ಸೆತಗಾಯಾ ಭಾಗದಲ್ಲಿ, ನೊಗೆ ಎಂಬಲ್ಲಿರುವ ಕಂಪನಿಯ ಗರಡಿಯಲ್ಲಿ ವಾಸ. ನೆಲ ಒರೆಸು, ಅಡುಗೆ ಮಾಡು, ಹಿರಿಯರ ಬಟ್ಟೆ ಒಗೆ, ಊರೂರಿಗೆ ಹೋದಾಗ ರಿಂಗ್ ಕಟ್ಟು, ಬಿಚ್ಚು. ಅಖಾಡಕ್ಕೆ ಇಳಿದರೆ ಕಪ್ಪು ಚಡ್ಡಿ, ಕಪ್ಪು ಬೂಟು. ಅಲಂಕಾರವಿಲ್ಲ, ಮೆರೆಯುವಂತಿಲ್ಲ. ಬಳಸಬಹುದಾದ ಪಟ್ಟುಗಳೂ ಬೆರಳೆಣಿಕೆಯವು. ಇಂಥ ಹುಡುಗರನ್ನು ‘ಯಂಗ್ ಲಯನ್’ ಎನ್ನುತ್ತಾರೆ. ಅವರ ಕುಸ್ತಿ ಮುಗಿಯುವುದು ಬಹುತೇಕ ಒಂದೇ ಪಟ್ಟಿನಲ್ಲಿ. ಎದುರಾಳಿಯನ್ನು ಬೋರಲು ಮಲಗಿಸಿ, ಎರಡೂ ಕಾಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬೆನ್ನು ಬಾಗಿಸುವುದು. ಅಮೆರಿಕದವರಿಗೆ ಅದು ಬಾಸ್ಟನ್ನಿನ ಏಡಿ, ಜಪಾನಿಗರಿಗೆ ಮಗುಚಿದ ಸಿಗಡಿ. 2008ರ ಏಪ್ರಿಲ್‌ನಲ್ಲಿ ಒಕಾಡಾನ ಎರಡನೇ ‘ಮೊದಲ ಕುಸ್ತಿ’ ನಡೆಯಿತು. ಎದುರಾಳಿ ತೆತ್ಸುಯಾ ನೈಟೊ. ಒಕಾಡಾ ಸೋತ. ಇದೇ ಇಬ್ಬರು ಹತ್ತು ವರ್ಷದ ನಂತರ, 2018ರ ಜನವರಿ 4ರಂದು, ಟೋಕಿಯೋ ಡೋಮ್‌ನ ಕೊನೆಯ ಕುಸ್ತಿಯಲ್ಲಿ ಪಟ್ಟಕ್ಕಾಗಿ ಎದುರುಬದುರಾದರು.

ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗ ಕೋಡಂಗಿ ವೇಷ ಕುಣಿದು, ಬಾಲಗೋಪಾಲ ಕುಣಿದು, ಆಮೇಲಲ್ಲವೇ ಬೇರೆ ವೇಷದ ಕಡೆ ಕಣ್ಣು ಹಾಯಿಸುತ್ತಿದ್ದದ್ದು? ಅದೇ ಕ್ರಮ ಇದು. ವ್ಯತ್ಯಾಸವೆಂದರೆ, ಬೇರೊಂದು ಮೇಳದಲ್ಲಿ ಮೂರು ವರ್ಷ ಕುಣಿದು ಬಂದವನಿಗೂ ಇಲ್ಲಿ ಮತ್ತೆ ಕೋಡಂಗಿಯೇ.

ಈ ಗರಡಿಯೊಳಗೆ ನಮ್ಮ ಗರಡಿಯ ಒಂದು ಎಳೆ ಇದೆ. ನ್ಯೂ ಜಪಾನ್ ಶುರುವಾದದ್ದು 1972ರಲ್ಲಿ. ಆ ಮಾರ್ಚ್ 6ರ ಮೊದಲ ಪ್ರದರ್ಶನದಲ್ಲೇ ಕಂಪನಿಯ ಸ್ಥಾಪಕ ಆಂಟೊನಿಯೊ ಇನೊಕಿಯನ್ನು ಸೋಲಿಸಿದವನು ಕಾರ್ಲ್ ಗಾಚ್. ಬೆಲ್ಜಿಯಂನ ಆಂಟ್‌ವರ್ಪಿನಲ್ಲಿ ಹುಟ್ಟಿ, ಇಂಗ್ಲೆಂಡಿನ ವಿಗನ್‌ನಲ್ಲಿ ಪಳಗಿದ ಈತನನ್ನು ಜಪಾನಿಗರು ಕುಸ್ತಿಯ ದೇವರೆಂದೇ ಕರೆದರು. ಈ ದೇವರ ಸಾಧನೆ ಭಾರ ಎತ್ತುವುದರಲ್ಲಿ ಇರಲಿಲ್ಲ, ದಂಡ ಮತ್ತು ಬಸ್ಕಿಯಲ್ಲಿತ್ತು. ಇಸ್ಪೀಟಿನ ಕಟ್ಟೊಂದನ್ನು ಮುಂದಿಟ್ಟುಕೊಂಡು ಒಂದೊಂದೇ ಎಲೆ ಎತ್ತುವುದು. ಎಲೆಯ ಗುರುತು ನೋಡಿ ದಂಡವೋ ಬಸ್ಕಿಯೋ, ಅಂಕಿ ನೋಡಿ ಎಷ್ಟು. ಕಟ್ಟು ಮುಗಿಯುವವರೆಗೆ ಬಿಡುವಿಲ್ಲ. ಅವನ ಶಿಸ್ತು ಆ ಗರಡಿಯ ಗೋಡೆಗೆ ಅಂಟಿಕೊಂಡಿತು. ಜಪಾನಿ ಕುಸ್ತಿಯ ಹುಡುಗರು ಇಂದಿಗೂ ನೂರುಗಟ್ಟಲೆ ಹೊಡೆಯುವ ಬಸ್ಕಿಗೆ ಅವರ ಬಾಯಲ್ಲಿ ಇರುವ ಹೆಸರು ‘ಹಿಂಜೂ ಸ್ಕ್ವಾಟ್’, ಅಂದರೆ ಹಿಂದೂ ಬಸ್ಕಿ. ಮೈಸೂರಿನ ಗರಡಿಮನೆಯಲ್ಲಿ ಮುಂಜಾನೆ ಮಣ್ಣು ಮೆತ್ತಿಕೊಂಡು ಬಸ್ಕಿ ಹೊಡೆಯುವ ಹುಡುಗನಿಗೆ ಇದನ್ನು ಹೇಳಿದರೆ ಅವನು ಲೆಕ್ಕ ತಪ್ಪದಂತೆ ತಲೆಯಾಡಿಸಿ ಮುಂದುವರಿಸುತ್ತಾನೆ, ಅಷ್ಟೆ.

ಇನ್ನು ಅಮೆರಿಕ.

ಯಂಗ್ ಲಯನ್ ಒಂದು ಹದಕ್ಕೆ ಬಂದ ಮೇಲೆ ಅವನನ್ನು ಒಂದೆರಡು ವರ್ಷ ಹೊರದೇಶಕ್ಕೆ ಅಟ್ಟುವುದು ಜಪಾನಿ ಕುಸ್ತಿಯ ಹಳೆಯ ಪದ್ಧತಿ. ಅದಕ್ಕೆ ಅವರ ಮಾತಿನಲ್ಲಿ ‘ಕೈಗಾಯ್ ಎನ್‌ಸೇ’ ಎಂದು ಹೆಸರು. ಕೈಗಾಯ್ ಎಂದರೆ ಹೊರದೇಶ. ಕನ್ನಡದ ಕಿವಿಗೆ ಅದು ಕೈಗಾಯ ಎಂದೇ ಬೀಳುತ್ತದೆ, ಮತ್ತು ಅನುಭವಿಸಿದವರನ್ನು ಕೇಳಿದರೆ ಹಾಗೆಂದರೂ ತಪ್ಪಿಲ್ಲ ಎಂದಾರು. ಜೈಂಟ್ ಬಾಬಾ 1961ರಲ್ಲಿ ಅಮೆರಿಕಕ್ಕೆ ಹೋದ ಕಾಲದಿಂದಲೂ ಇದು ನಡೆದುಬಂದಿದೆ. ಹೋದಲ್ಲಿ ಏನು ವೇಷ ಕೊಡುತ್ತಾರೋ ಅದನ್ನು ಹಾಕಬೇಕು. 1980ರಲ್ಲಿ ಇಂಗ್ಲೆಂಡಿಗೆ ಹೋದ ಸತೋರು ಸಯಾಮನಿಗೆ ಅಲ್ಲಿ ‘ಸ್ಯಾಮಿ ಲೀ’ ಎಂದು ಹೆಸರಿಟ್ಟರು, ಬ್ರೂಸ್ ಲೀಯ ಸಂಬಂಧಿ ಎಂದು ಟಾಂಟಾಂ ಹೊಡೆದರು. ಸ್ಯಾಮಿ ಲೀ ಅಲ್ಲಿ ಭಾರಿ ಜನಪ್ರಿಯನಾದ. 1981ರ ಏಪ್ರಿಲ್ 23ರಂದು ಅವನೇ ಟೋಕಿಯೋದಲ್ಲಿ ಟೈಗರ್ ಮಾಸ್ಕ್ ಆಗಿ ಪ್ರತ್ಯಕ್ಷನಾದ. ಆಮೇಲಿನದು ಇತಿಹಾಸದ ಪುಸ್ತಕದಲ್ಲಿದೆ.

ಒಕಾಟೊನ ಕೇಟೊ ಕೂಡ ಹಿಂದೆ ಯಾರು ಆಡಿದ್ದ ಪಾತ್ರ ಗೊತ್ತೇ? 1966ರ ‘ದಿ ಗ್ರೀನ್ ಹಾರ್ನೆಟ್’ ಟಿವಿ ಸರಣಿಯಲ್ಲಿ ಕೇಟೊ ಆಗಿದ್ದವನು ಬ್ರೂಸ್ ಲೀಯೇ. ಸ್ಯಾಮಿ ಲೀಯ ಕಾಲದಿಂದ ಮೂವತ್ತು ವರ್ಷ ಕಳೆದರೂ ಪಶ್ಚಿಮದವರ ವೇಷದ ಪೆಟ್ಟಿಗೆಯಲ್ಲಿ ಜಪಾನಿ ಹುಡುಗನಿಗೆ ಇದ್ದದ್ದು ಅದೊಂದೇ ಅಂಗಿ, ಅದೂ ಚೀನೀ ಮೂಲದವನ ಅಂಗಿ. ಸಯಾಮನಿಗೆ ಆ ಅಂಗಿಯೊಳಗೆ ಕುಸ್ತಿಯಾದರೂ ಸಿಕ್ಕಿತು. ಒಕಾಡಾನಿಗೆ ಅದೂ ಸಿಗಲಿಲ್ಲ.

2010ರ ಜನವರಿ ಕೊನೆಯಲ್ಲಿ ತನಹಾಶಿಯ ಕೈಯಲ್ಲಿ ಸೋತು, ಅದನ್ನೇ ಬೀಳ್ಕೊಡುಗೆ ಎಂದುಕೊಂಡು ವಿಮಾನ ಹತ್ತಿದ 22ರ ಹುಡುಗ ಬಂದಿಳಿದದ್ದು ತಪ್ಪು ಹೊತ್ತಿಗೆ. ಅದೇ ತಿಂಗಳು ಟಿಎನ್‌ಎಗೆ ಹಲ್ಕ್ ಹೋಗನ್ ಬಂದಿದ್ದ, ಅವನ ಹಿಂದೆ ಹಳೆಯ ದೊಡ್ಡ ಹೆಸರುಗಳ ದಂಡು. ಕಂಪನಿಯ ಕಣ್ಣೆಲ್ಲ ಅತ್ತ. ಮದುವೆ ಮನೆಗೆ ಬೀಗರು ಬಂದಿಳಿದ ಗಳಿಗೆಯಲ್ಲಿ ಪಕ್ಕದ ಊರಿನ ಹುಡುಗನೊಬ್ಬ ಚೀಲ ಹಿಡಿದು ಬಂದರೆ ಯಾರು ನೋಡುತ್ತಾರೆ? ಮುಖ್ಯ ಕಾರ್ಯಕ್ರಮದಲ್ಲಿ ಅವನಿಗೆ ಹೆಚ್ಚೇನೂ ಜಾಗವಿರಲಿಲ್ಲ. ‘ಎಕ್ಸ್‌ಪ್ಲೋಷನ್’ ಎಂಬ ಉಪ ಕಾರ್ಯಕ್ರಮದಲ್ಲಿ ಆಗೊಮ್ಮೆ ಈಗೊಮ್ಮೆ ಕೆಲವು ನಿಮಿಷ ಸೆಣಸಿ ಹೆಚ್ಚಾಗಿ ಸೋಲುವುದು. ಆಮೇಲೆ ಆ ಮುಖವಾಡ. ಅವನನ್ನು ನಡೆಸಿಕೊಂಡ ರೀತಿಗೆ ನ್ಯೂ ಜಪಾನ್ ಬೇಸರಗೊಂಡಿತು. ಎರಡು ಕಂಪನಿಗಳ ನಂಟು ಕಡಿದುಹೋದದ್ದಕ್ಕೆ ಅದೂ ಒಂದು ಕಾರಣ ಎಂದು ಕುಸ್ತಿ ಬಲ್ಲವರೆಲ್ಲ ಹೇಳುತ್ತಾರೆ.

ಆ ಉಪ ಕಾರ್ಯಕ್ರಮದ ತುಣುಕುಗಳನ್ನು ನಾನು ಒಂದಲ್ಲ, ನಾಲ್ಕೈದು ಸಲ ನೋಡಿದ್ದೇನೆ. ಹುಡುಗ ಕೆಟ್ಟದಾಗಿ ಸೆಣಸುವುದಿಲ್ಲ. ಜಿಗಿದೊದೆಯುವುದು ಆಗಲೇ ಚೆನ್ನಾಗಿತ್ತು. ಎರಡೂ ಕಾಲು ಎದುರಾಳಿಯ ಮುಖದ ಮಟ್ಟಕ್ಕೆ ಏರಿ, ಗಾಳಿಯಲ್ಲಿ ಒಂದು ಗಳಿಗೆ ನಿಂತಂತೆ ಕಾಣುವ ಒದೆತ ಅದು. ಆದರೆ ಪಟ್ಟು ಪಟ್ಟಿನ ನಡುವೆ ಏನು ಮಾಡಬೇಕೆಂದು ತಿಳಿಯದೆ ನಿಂತಿರುತ್ತಾನೆ. ಮುಖದಲ್ಲಿ ಯಾರೂ ಇಲ್ಲ. ಒಳ್ಳೆಯ ರಾಗಜ್ಞಾನವಿರುವ, ಕಛೇರಿ ಮಾಡಿ ಗೊತ್ತಿಲ್ಲದ ಗಾಯಕನಂತೆ. ಟಿಎನ್‌ಎಯವರು ಕುರುಡರಾಗಿದ್ದರು ಎಂದು ಬೈಯುವುದು ಸುಲಭ, ನಾನೂ ಬೈದಿದ್ದೇನೆ. ಆದರೆ ಪ್ರಾಮಾಣಿಕವಾಗಿ ಹೇಳುತ್ತೇನೆ, ಆ ತುಣುಕುಗಳನ್ನಷ್ಟೇ ತೋರಿಸಿ ಇವನು ಮುಂದೇನಾಗುತ್ತಾನೆ ಎಂದು ಅಂದು ನನ್ನನ್ನು ಕೇಳಿದ್ದರೆ, ನಾನೂ ‘ಉದ್ದ ಇದ್ದಾನೆ, ನೋಡೋಣ’ ಎಂದು ಜಾರಿಕೊಳ್ಳುತ್ತಿದ್ದೆ.

ಒರ್ಲ್ಯಾಂಡೊ ಅವನಿಗೆ ಕೊಟ್ಟದ್ದು ಕಲಿಕೆಯಲ್ಲ, ಕಣ್ಮರೆ. ನಡುವೆ ಒಂದೆರಡು ಸಲ ಬಂದುಹೋದದ್ದನ್ನು ಬಿಟ್ಟರೆ ಜಪಾನಿನ ಪ್ರೇಕ್ಷಕರು ಎರಡು ವರ್ಷ ಅವನನ್ನು ನೋಡಲಿಲ್ಲ. ಅವರ ನೆನಪಿನಲ್ಲಿದ್ದದ್ದು ಕಪ್ಪು ಚಡ್ಡಿಯ, ನೆಲ ಒರೆಸುವ ಹುಡುಗ. 2012ರ ಜನವರಿ 4ರಂದು ಟೋಕಿಯೋ ಡೋಮ್‌ಗೆ ಬಂದವನ ಕೂದಲು ಹೊಂಬಣ್ಣ, ಮೈಮೇಲೆ ಮಿರುಗುವ ನಿಲುವಂಗಿ, ಹೆಸರಿಗೆ ‘ರೇನ್‌ಮೇಕರ್’ ಎಂಬ ಬಿರುದು. ಮಳೆ ಎಂದರೆ ನಮ್ಮ ಕಡೆ ಕಪ್ಪೆಗೆ ಮದುವೆ ಮಾಡಿಸಿ ಬೇಡುವ ಮಳೆಯಲ್ಲ, ದುಡ್ಡಿನ ಮಳೆ. ತಾನು ಕಂಪನಿಗೆ ದುಡ್ಡು ಸುರಿಸುತ್ತೇನೆಂಬ ಜಂಭ. ಮುಂದೆ ಅವನು ಬರುವಾಗ ಅವನದೇ ಮುಖ ಅಚ್ಚಾದ ನೋಟುಗಳು ಮೇಲಿನಿಂದ ಉದುರತೊಡಗಿದವು. ಅವನಂತೆಯೇ ಅದೇ ದಿನ ಹೊರದೇಶದಿಂದ, ಅಂದರೆ ಮೆಕ್ಸಿಕೊದಿಂದ, ಮರಳಿದ್ದ ಯೊಶಿ-ಹಾಶಿಯನ್ನು ಐದು ನಿಮಿಷದೊಳಗೆ ಮುಗಿಸಿದ. ಕುಸ್ತಿ ಸಪ್ಪೆಯಾಗಿತ್ತು, ಜನರಿಗೆ ಹಿಡಿಸಲಿಲ್ಲ. ಆ ರಾತ್ರಿ ತನಹಾಶಿ ಹನ್ನೊಂದನೇ ಸಲ ಪಟ್ಟ ಉಳಿಸಿಕೊಂಡು ದಾಖಲೆ ಬರೆದು, ಸಂಭ್ರಮದಲ್ಲಿ ನಿಂತಿದ್ದಾಗ ಈ ಹುಡುಗ ಎದುರಿಗೆ ಬಂದು ಸವಾಲು ಹಾಕಿದ. ಡೋಮ್ ತುಂಬ ಛೀಮಾರಿ.

ನಾಯಕನಿಗೆ ಬೈದರೆ ಸೋಲು, ಖಳನಿಗೆ ಬೈದರೆ ಗೆಲುವು. ಆದರೆ ಅಂದಿನ ಬೈಗುಳ ಅದಲ್ಲ. ‘ಇವನಿಗೇನು ಯೋಗ್ಯತೆ?’ ಎಂಬ ನಿಜವಾದ ಅಸಮಾಧಾನ ಅದು. ಅದನ್ನೇ ಬಂಡವಾಳ ಮಾಡಿಕೊಂಡದ್ದು ಅವನ ಜಾಣತನ, ಮತ್ತು ಪಕ್ಕದಲ್ಲಿ ನಿಂತು ಅವನ ಪರವಾಗಿ ಎಲ್ಲ ಮಾತನ್ನೂ ಆಡಿದ ಗೆಡೊ ಎಂಬ ಹಿರಿಯನ ಜಾಣತನ. ಪತ್ರಕರ್ತರು ಮೈಕು ಹಿಡಿದರೆ ಒಕಾಡಾ ‘ವಿಶೇಷವಾಗಿ ಹೇಳುವುದೇನೂ ಇಲ್ಲ’ ಎಂದು ಮುಖ ತಿರುಗಿಸುತ್ತಿದ್ದ. ಒರ್ಲ್ಯಾಂಡೊದ ಕ್ಯಾಮೆರಾ ಮುಂದೆ ಕಂಗಾಲಾಗಿ ನಿಂತಿದ್ದ ಅದೇ ಖಾಲಿ ಮುಖ ಇಲ್ಲಿ ದುರಹಂಕಾರವಾಗಿ ಕಂಡಿತು. ಮುಖ ಬದಲಾಗಿರಲಿಲ್ಲ, ಬಟ್ಟೆ ಬದಲಾಗಿತ್ತು.

ಐದು ವಾರದ ನಂತರ ಒಸಾಕಾ. ತನಹಾಶಿ ಅಲ್ಲಿ ಬರಿಯ ಎದುರಾಳಿಯಲ್ಲ. ಕಂಪನಿ ಸೊರಗಿದ್ದ ವರ್ಷಗಳಲ್ಲಿ ಅದನ್ನು ಹೆಗಲ ಮೇಲೆ ಹೊತ್ತವನು. ಜನ ಅವನು ಗೆಲ್ಲುವುದನ್ನು ನೋಡಲೆಂದೇ ಬಂದಿದ್ದರು. ಇಪ್ಪತ್ತು ನಿಮಿಷ ದಾಟಿದ ಆ ಕುಸ್ತಿಯಲ್ಲಿ ಸಭಾಂಗಣದ ಸದ್ದನ್ನು ಮಾತ್ರ ಕೇಳುತ್ತ ಹೋಗಿ. ಮೊದಲು ನಗು ಬೆರೆತ ಗದ್ದಲ. ನಡುವೆ ಒಂದು ಅನುಮಾನ. ಕೊನೆಗೆ ಒಕಾಡಾನ ಆ ಪೆಟ್ಟು ಬಿದ್ದು ರೆಫರಿಯ ಅಂಗೈ ಮೂರನೇ ಸಲ ನೆಲ ಬಡಿದಾಗ ಚಪ್ಪಾಳೆಗೂ ಮೊದಲು ಕೇಳುವುದು ಬೆಚ್ಚಿಬಿದ್ದವರ ಉದ್ಗಾರ. ಈ ಪಟ್ಟವನ್ನು ಇದಕ್ಕಿಂತ ಚಿಕ್ಕ ವಯಸ್ಸಿನಲ್ಲಿ ಗೆದ್ದವನು ಒಬ್ಬನೇ, 2003ರಲ್ಲಿ 23ರ ಶಿನ್‌ಸುಕೆ ನಕಾಮುರಾ.

ಆ ಪೆಟ್ಟಿನ ಬಗ್ಗೆ ಹೇಳದೆ ಮುಗಿಸಿದರೆ ನನಗೆ ನಿದ್ದೆ ಬರುವುದಿಲ್ಲ. ಅದರ ಹೆಸರೂ ರೇನ್‌ಮೇಕರ್. ನೋಡಲು ಎದೆಗೆ, ಕುತ್ತಿಗೆಗೆ ತೋಳಿನಿಂದ ಬೀಸಿ ಹೊಡೆಯುವ ಸಾಮಾನ್ಯ ಪೆಟ್ಟು. ಲಾರಿಯಟ್ ಎನ್ನುತ್ತಾರೆ, ನೂರು ಜನ ಹೊಡೆಯುತ್ತಾರೆ. ಉಳಿದವರು ಓಡಿ ಬಂದು ಹೊಡೆಯುತ್ತಾರೆ. ಒಕಾಡಾ ಎದುರಾಳಿಯ ಬೆನ್ನ ಹಿಂದೆ ನಿಂತು, ಅವನ ಮಣಿಕಟ್ಟು ಹಿಡಿದು, ಬುಗುರಿಯ ಹಗ್ಗ ಸೆಳೆದಂತೆ ಹೊರಕ್ಕೆ ತಿರುಗಿಸಿ, ಅದೇ ಮಣಿಕಟ್ಟು ಹಿಡಿದು ತನ್ನತ್ತ ಎಳೆದು ಹೊಡೆಯುತ್ತಾನೆ. ಓಟವಿಲ್ಲ. ಎದುರಾಳಿಯೇ ಪೆಟ್ಟಿಗೆ ಬಂದು ಬೀಳುತ್ತಾನೆ. ಮುಂದಿನ ವರ್ಷಗಳಲ್ಲಿ ಇನ್ನೊಂದು ಸೂಕ್ಷ್ಮ ಸೇರಿಕೊಂಡಿತು. ಹೊಡೆದ ಮೇಲೂ ಹಿಡಿದ ಮಣಿಕಟ್ಟು ಬಿಡುವುದಿಲ್ಲ. ಇಬ್ಬರೂ ನೆಲಕ್ಕೆ ಬಿದ್ದು ನರಳುತ್ತಿರುವಾಗಲೂ ಕ್ಯಾಮೆರಾ ಆ ಕೈಯನ್ನು ತೋರಿಸುತ್ತದೆ. ಹಿಡಿತ ಹಾಗೆಯೇ ಇದೆ. ಮತ್ತೆ ಎಳೆದೆಬ್ಬಿಸುತ್ತಾನೆ, ಮತ್ತೆ ಪೆಟ್ಟು. ಇಡೀ ಸಭಾಂಗಣ ಎದ್ದು ನಿಲ್ಲುವುದು ಪೆಟ್ಟಿಗಲ್ಲ, ಬಿಡದ ಆ ಬೆರಳುಗಳಿಗೆ.

ಒಂದು ಕೀಲು ಹಿಡಿ, ಉಳಿದ ಮೈ ತಾನಾಗಿ ಬರುತ್ತದೆ. ಇದು ಅಮೆರಿಕದ ಪಾಠವಲ್ಲ. ಹದಿನಾರರ ಹುಡುಗನ ಮಣಿಕಟ್ಟನ್ನು ಮೊದಲ ದಿನ ಹಿಡಿದು ತಿರುವಿದ ನೆಗ್ರೊ ನವಾರೊನ ಯಾವೆಯ ವಾಸನೆ ಇದಕ್ಕಿದೆ. ಇದನ್ನು ಒಕಾಡಾ ಎಲ್ಲೂ ಹೇಳಿದ್ದಾನೆಂದು ನಾನು ಹೇಳುತ್ತಿಲ್ಲ. ಇದು ನೋಡುಗನಾದ ನನ್ನ ತೀರ್ಮಾನ, ಒಪ್ಪದವರು ವಾದಕ್ಕೆ ಬರಬಹುದು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಅದೇ ವರ್ಷದ ಜೂನ್‌ನಲ್ಲಿ ತನಹಾಶಿ ಪಟ್ಟ ಕಿತ್ತುಕೊಂಡ. ಆಗಸ್ಟ್‌ನಲ್ಲಿ ಒಕಾಡಾ ಬೇಸಿಗೆಯ ಜಿ1 ಕ್ಲೈಮ್ಯಾಕ್ಸ್ ಪಂದ್ಯಾವಳಿ ಗೆದ್ದು, ಅದರ ಅತಿ ಕಿರಿಯ ವಿಜೇತನಾದ. 2016ರ ಜೂನ್ 19ರಿಂದ 720 ದಿನ ಪಟ್ಟವನ್ನು ಬಿಟ್ಟುಕೊಡಲಿಲ್ಲ. 2024ರಲ್ಲಿ ನ್ಯೂ ಜಪಾನ್ ಬಿಟ್ಟು ಎಇಡಬ್ಲ್ಯು ಎಂಬ ಕುಸ್ತಿ ಕಂಪನಿ ಸೇರಲು ಮತ್ತೆ ಅಮೆರಿಕಕ್ಕೆ ಹೋದ, ಈ ಸಲ ತನ್ನ ಹೆಸರಿನಲ್ಲೇ.

ಈ ಭಾನುವಾರ ಬಿಡುವಿದ್ದರೆ ಒಂದು ಕೆಲಸ ಮಾಡಿ. ಮೊದಲು ಒಕಾಟೊನ ತುಣುಕು ನೋಡಿ, ಆಮೇಲೆ ನಡುವೆ ಎದ್ದು ಹೋಗದೆ ಒಸಾಕಾದ ಕುಸ್ತಿ ನೋಡಿ. ಯಾವ ನಿಮಿಷದಲ್ಲಿ ನೀವು ತನಹಾಶಿಯ ಪಕ್ಷ ಬಿಟ್ಟಿರಿ, ಅಥವಾ ಕೊನೆಯವರೆಗೂ ಬಿಡಲೇ ಇಲ್ಲವೋ, ಒಂದು ಸಾಲು ಬರೆದು ತಿಳಿಸಿ. ನಾನು ಬಿಟ್ಟದ್ದು ಹದಿನೆಂಟನೆಯ ನಿಮಿಷದ ಹೊತ್ತಿಗೆ.